ಬೇಸಿಗೆ ಬುತ್ತಿಗೆ ಏನು ಹೊಲಿಯಲಿ, ಏನು ಹೆಣೆಯಲಿ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಾವು ಕಲಬುರಗಿಯವರು. ಮಕ್ಕಳಿಗೆ ರಜೆ ಇದೆ. ಮೇ ಎರಡನೇ ವಾರ ಮನೆಮಂದಿ ಒಂಬತ್ತು ಜನ ಬುತ್ತಿ ಕಟ್ಟಿಕೊಂಡು ಚಿಂಚೋಳಿ ಕಡೆ ಚಂದ್ರಂಪಳ್ಳಿ ಡ್ಯಾಮಿಗೆ ಹೋಗುವವರಿದ್ದೇವೆ. ಈ ಸಲ ಪ್ಲಾಸ್ಟಿಕ್ ಚಾಪೆ, ಪ್ಲಾಸ್ಟಿಕ್ ಚೀಲ ಬೇಡ, ಎಲ್ಲ ಕೈಯಿಂದ ಮಾಡಿದ್ದೇ ಇರಲಿ ಅಂತ ಆಸೆ. ಚಳಿಗಾಲದಲ್ಲಿ ತಂದ ಉಲ್ಲನ್, 50 ಗ್ರಾಮಿನ 12 ಉಂಡೆ, ಹಾಗೇ ಉಳಿದಿದೆ. ಅದರಲ್ಲಿ ಎಲ್ಲರೂ ಕೂರುವಷ್ಟು ದೊಡ್ಡ ಹಾಸು ಕ್ರೋಶಾದಲ್ಲಿ ಹೆಣೆಯೋಣ ಅಂದುಕೊಂಡಿದ್ದೇನೆ. ಅತ್ತೆ ನಗುತ್ತಿದ್ದಾರೆ. ಕೈಯಲ್ಲಿ 18 ದಿನ ಇದೆ. ಕಾಲ್ ಮಷಿನ್ ಇದೆ, ಬ್ಲೌಸ್ ಹೊಲಿಯುವಷ್ಟು ಬರುತ್ತದೆ. ಹಾಸಿನ ಜೊತೆಗೆ ಇನ್ನೇನು ಮಾಡಬಹುದು ಹೇಳಿ.

ಉತ್ತರ: ಅಕ್ಕಾ ಅಂತ ಕರೆದಿದ್ದೀರಿ, ಹಾಗಾಗಿ ಸಲುಗೆಯಿಂದ ಮೊದಲೇ ಹೇಳಿಬಿಡುತ್ತೇನೆ: ಅತ್ತೆ ನಕ್ಕಿದ್ದು ಸರಿ. ಉಲ್ಲನ್ ಹಾಸು ಕೈಬಿಡಿ.

ಸಿಟ್ಟಾಗಬೇಡಿ, ಕಾರಣ ಕೇಳಿ. ಮೊದಲನೆಯದು ಲೆಕ್ಕ. 12 ಉಂಡೆ ಅಂದರೆ 600 ಗ್ರಾಂ. 6 ಅಡಿ ಉದ್ದ 5 ಅಡಿ ಅಗಲದ ಹಾಸಿಗೆ ಅದು ಸಾಲುವುದಿಲ್ಲ, ಹತ್ತಿರ ಹತ್ತಿರ ಒಂದು ಕಿಲೋ ಬೇಕು. ಅದನ್ನು 18 ದಿನದಲ್ಲಿ ಮುಗಿಸಬೇಕಾದರೆ ಅಡುಗೆ, ಮಕ್ಕಳು, ನಿದ್ದೆ ಮೂರನ್ನೂ ಬಿಟ್ಟು ಕೂರಬೇಕು. ಎರಡನೆಯದು, ನಾವು ಉಲ್ಲನ್ ಅಂತ ಕರೆಯುತ್ತೇವೆ ನಿಜ, ಆದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಉಲ್ಲನ್ ಬಹುಪಾಲು ಅಕ್ರಿಲಿಕ್ ಅನ್ನುವ ಕೃತಕ ನೂಲು. ಕುರಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೆವರು ಹೀರುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿರುವಾಗ ಅದರ ಮೇಲೆ ಹತ್ತು ನಿಮಿಷ ಕೂತು ನೋಡಿ, ಸೀರೆ ಕಾಲಿಗೆ ಅಂಟಿಕೊಳ್ಳುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹೆಣೆದದ್ದು ಅಂದರೆ ತೂತು ಅಲ್ವಾ? ಮೇ ಬರುವಷ್ಟರಲ್ಲಿ ಆ ಕಡೆಯ ಹುಲ್ಲೆಲ್ಲ ಒಣಗಿ, ಅದರ ಚೂಪು ಬೀಜ ಉದುರಿ ನೆಲದ ತುಂಬ ಬಿದ್ದಿರುತ್ತದೆ. ಜೊತೆಗೆ ನೆಗ್ಗಿಲ ಮುಳ್ಳು, ಜಾಲಿ ಮುಳ್ಳು. ಹೆಣೆದ ಹಾಸನ್ನು ಅಂಥ ನೆಲದ ಮೇಲೆ ಒಮ್ಮೆ ಹಾಸಿ ಎತ್ತಿದರೆ ಸಾಕು, ಒಂದೊಂದು ಕುಣಿಕೆಯಲ್ಲೂ ಒಂದೊಂದು ಬೀಜ ಸಿಕ್ಕಿಕೊಂಡಿರುತ್ತದೆ, ಎಳೆದರೆ ನೂಲೂ ಕಿತ್ತು ಬರುತ್ತದೆ. ಎರಡು ದಿನ ಕೂತು ಚಿಮುಟದಲ್ಲಿ ಹೆಕ್ಕಿದರೂ ಮುಗಿಯುವುದಿಲ್ಲ.

ಹೊಲಿಗೆ ಕಲಿಯಲು ಬರುವವರಿಗೆ ನಾನು ಹೇಳುವುದು ಇಷ್ಟೇ: ನೆಲಕ್ಕೆ ತಾಗುವುದನ್ನೆಲ್ಲ ಹೊಲಿಯಿರಿ, ನೇತಾಡುವುದನ್ನೆಲ್ಲ ಹೆಣೆಯಿರಿ. ಹಾಸು, ರೊಟ್ಟಿ ಚೀಲ ಬಟ್ಟೆಯದು. ನೀರಿನ ಬಾಟಲಿ ಚೀಲ, ಮಾವಿನ ಹಣ್ಣಿಗೆ ಬಲೆಯಂಥ ಜಾಲಿ ಚೀಲ, ಪಾತ್ರೆಯ ಮುಚ್ಚಳದ ಅಂಚು ನೂಲಿನದು. ನಿಮ್ಮ 12 ಉಂಡೆಗೂ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಹಾಸಿಗೆ ಕೌದಿ ಹೊಲಿಯಿರಿ, ಅಂದರೆ ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಕೈಯಿಂದ ಹೊಲಿಯುವ ಹೊದಿಕೆ. ನಮ್ಮ ಕಡೆ ಹೊರಗೆ ಹೋಗಿ ಉಣ್ಣುವುದು ಹೊಸದೇನಲ್ಲ. ಎಳ್ಳು ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬರುವಾಗ ಯಾವತ್ತಾದರೂ ಹಾಸಿಗೆ ಅಂತ ಹೊಸದು ಕೊಂಡಿದ್ದೇವಾ? ಮನೆಯ ಕೌದಿ, ಕಂಬಳಿ, ಜಮಖಾನಾ ಇದ್ದದ್ದು ಹೊತ್ತುಕೊಂಡು ಹೋಗುತ್ತಿದ್ದೆವು. ಜಮಖಾನಾ ಒಳ್ಳೆಯದೇ, ಆದರೆ ಭಾರ, ತೊಳೆಯುವುದಂತೂ ದೊಡ್ಡ ಗೋಳು. ಕೌದಿ ಹಗುರ, ಮಡಚಿದರೆ ತಲೆದಿಂಬು. ಮಕ್ಕಳು ಊಟ ಆದ ಮೇಲೆ ಅದರ ಮೇಲೆಯೇ ಮಲಗಿಬಿಡುತ್ತವೆ.

ಸೀರೆ ಲೆಕ್ಕ ಹೀಗೆ. ಸಾಧಾರಣ ಸೀರೆ ಐದೂವರೆ ಮೀಟರ್, ಅಂದರೆ 18 ಅಡಿ. ಅಗಲ ಸುಮಾರು 45 ಇಂಚು. ಅದನ್ನು 6 ಅಡಿಯ ಮೂರು ತುಂಡು ಮಾಡಿ. ಎರಡು ತುಂಡನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಏಳೂವರೆ ಅಡಿ ಅಗಲ ಆಗುತ್ತದೆ, ನಮಗೆ ಬೇಕಾದದ್ದು 5 ಅಡಿ. ಅಂದರೆ ಎರಡು ಹಳೆಯ ಸೀರೆಯಲ್ಲಿ ಮೂರು ಪದರ ಬಂದು, ಮೇಲೆ ಎರಡೂವರೆ ಅಡಿ ಅಗಲದ ಮೂರು ಪಟ್ಟಿ ಉಳಿಯುತ್ತವೆ. ಅವನ್ನು ಎಸೆಯಬೇಡಿ, ಚೀಲಗಳೆಲ್ಲ ಅದರಲ್ಲೇ ಆಗಬೇಕು. ಅಂಚು ಮಡಚಿದ ಮೇಲೆ ಕೌದಿ ಎರಡು ಇಂಚು ಸಣ್ಣದಾಗುತ್ತದೆ, ಆಗಲಿ ಬಿಡಿ.

ಹತ್ತಿ ಸೀರೆಯೇ ಆಗಲಿ, ಮೇಲಿನ ಪದರವಂತೂ ಹತ್ತಿಯದೇ ಬೇಕು. ಜಾರುವ ಸಿಂಥೆಟಿಕ್ ಸೀರೆ ಇದ್ದರೆ ನಡುವೆ ತುಂಬಿಬಿಡಿ. ಅತ್ತೆಯವರ ಹಳೆಯ ಇಳಕಲ್ ಸೀರೆ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, ತೊಳೆದು ತೊಳೆದು ಮೆತ್ತಗಾಗಿರುತ್ತದೆ. ಆದರೆ ಕೇಳದೇ ಕತ್ತರಿ ಹಾಕಬೇಡಿ, ಆಮೇಲೆ ನನ್ನ ಹೆಸರು ಹೇಳಬೇಡಿ. ಹಳೆಯ ಹತ್ತಿ ಇಳಕಲ್‌ನಲ್ಲಿ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಗುಣ ಬೇರೆ, ತೊಳೆದಾಗ ಒಂದೇ ರೀತಿ ಇರುವುದಿಲ್ಲ. ಹಾಗಾಗಿ ಸೆರಗು ಕತ್ತರಿಸಿ ಬೇರೆ ಇಡಿ. ಎಂಟು ಗಜದ ಸೀರೆಯಾದರೆ ಸೆರಗು ತೆಗೆದರೂ ನಮ್ಮ 18 ಅಡಿಗೆ ಮೋಸ ಇಲ್ಲ.

ಕತ್ತರಿಸುವ ಮೊದಲು ಬಣ್ಣ ನೋಡಿ. ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಉಜ್ಜಿ. ಕೆಂಪು ಬಿಟ್ಟರೆ ಆ ಸೀರೆ ನಡುವಿನ ಪದರಕ್ಕೂ ಬೇಡ, ಮೊದಲ ತೊಳೆತಕ್ಕೇ ಮೇಲಿನ ಪದರ ಗುಲಾಬಿ ಆಗುತ್ತದೆ.

ಕೆಳಗಿನ ಪದರ, ನೆಲಕ್ಕೆ ತಾಗುವುದು, ದಪ್ಪ ಬೇಕು. ಹಳೆಯ ಹತ್ತಿ ಚಾದರ ಸಾಕು. ಹಳೆಯ ಜೀನ್ಸ್ ಪ್ಯಾಂಟುಗಳ ಕಾಲು ಬಿಚ್ಚಿ ಜೋಡಿಸಿದರೆ ಇನ್ನೂ ಗಟ್ಟಿ, ಸಣ್ಣಪುಟ್ಟ ಮುಳ್ಳು ಒಳಗೆ ಬರುವುದಿಲ್ಲ, ಆದರೆ ಭಾರ ಜಾಸ್ತಿ ಆಗುತ್ತದೆ. ನಾಲ್ಕು ಮೂಲೆ ಮತ್ತು ನಡುವೆ ಮಾತ್ರ ಜೀನ್ಸ್, ಉಳಿದದ್ದು ಚಾದರ ಅಂತ ನಾನು ಮಾಡುತ್ತೇನೆ. ಒಂದು ಮಾತು: ಹಳೆಯ ಸೀರೆ ಈಗಾಗಲೇ ಕುಗ್ಗಿ ಮುಗಿದಿದೆ. ಅದರ ಕೆಳಗೆ ಹೊಸ ಬಟ್ಟೆ ಹಾಕುವುದಾದರೆ ಮೊದಲು ಅದನ್ನು ಒಮ್ಮೆ ನೆನೆಸಿ ತೊಳೆದು ಒಣಗಿಸಿ. ಇಲ್ಲದಿದ್ದರೆ ಕೌದಿ ಹೊಲಿದ ಮೇಲೆ ಕೆಳಗಿನದು ಕುಗ್ಗಿ ಮೇಲಿನದು ಹಪ್ಪಳದ ಹಾಗೆ ಉಬ್ಬುತ್ತದೆ.

ಈಗ ಕೌದಿಯ ನಿಜವಾದ ಕೆಲಸ. ಮನೆಯಲ್ಲಿ ಶಹಾಬಾದ್ ಕಲ್ಲಿನ ಫರ್ಸಿ ನೆಲ ಇದ್ದರೆ ಅದೃಷ್ಟ. ಸಪಾಟು, ತಂಪು. ಒರೆಸಿ ಒಣಗಿಸಿ ಕೆಳಗಿನ ಪದರ ಹಾಸಿ, ಮೇಲೆ ಒಂದೊಂದೇ ಪದರ ಹಾಸಿ ಅಂಗೈಯಿಂದ ಸುಕ್ಕು ತೆಗೆಯಿರಿ. ಮೂಲೆಗೆ ಒಳಕಲ್ಲು ರುಬ್ಬುಗುಂಡು ಏನಾದರೂ ಇಡಿ. ಸುಕ್ಕನ್ನು ಯಾವಾಗಲೂ ನಡುವಿನಿಂದ ಅಂಚಿನ ಕಡೆ ತಳ್ಳಬೇಕು. ಅಂಚಿನಿಂದ ನಡುವಿಗೆ ತಳ್ಳಿದರೆ ಬಟ್ಟೆ ಎಲ್ಲ ಹೊಟ್ಟೆಗೆ ಬಂದು ಸೇರುತ್ತದೆ. ಆಮೇಲೆ ಪದರ ಜಾರದ ಹಾಗೆ ತಾತ್ಕಾಲಿಕವಾಗಿ ಹಾಕುವ ಕಚ್ಚಾ ಹೊಲಿಗೆ, ಅದೂ ನಡುವಿನಿಂದಲೇ ಶುರು, ಒಂದೊಂದು ಗೇಣಿಗೆ ಒಂದು ಸಾಲು. ಇದನ್ನು ಬಿಟ್ಟು ನೇರ ಪಕ್ಕಾ ಹೊಲಿಗೆಗೆ ಹೋಗುವವರೇ ಜಾಸ್ತಿ. ಅರ್ಧ ಗಂಟೆ ಉಳಿಸಲು ಹೋಗಿ ಒಂದು ವಾರದ ಕೆಲಸ ಕೆಡಿಸಿಕೊಳ್ಳುತ್ತಾರೆ.

ಮನೆಯಲ್ಲಿ ಹೊದೆಯುವ ಕೌದಿಗೆ ಸಾಲುಗಳು ಒತ್ತೊತ್ತಾಗಿ ಇರಬೇಕು. ನಿಮಗೆ ಈಗ ಎರಡು ಇಂಚಿನ ಅಂತರ ಸಾಕು. 5 ಅಡಿ ಅಗಲಕ್ಕೆ ಎರಡೆರಡು ಇಂಚಿಗೆ ಒಂದರಂತೆ 29 ಸಾಲು, ಒಂದೊಂದೂ 6 ಅಡಿ. ಎಲ್ಲ ಸೇರಿ 174 ಅಡಿ ಹೊಲಿಗೆ. ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ದಿನಕ್ಕೆ ನೀವೊಂದು ಸಾಲು, ಅತ್ತೆ ಒಂದು ಸಾಲು ಅಂತ ಹಿಡಿದರೆ 15 ದಿನಕ್ಕೆ ಮುಗಿಯುತ್ತದೆ. ಹೊಲಿಗೆ ಬಟ್ಟೆಯ ಮೇಲೆ ಕೆಳಗೆ ಓಡಾಡುವುದರಿಂದ ದಾರ ಅಳತೆಗಿಂತ ಜಾಸ್ತಿ ಹಿಡಿಯುತ್ತದೆ. 70 ಮೀಟರ್ ಅಂತ ಲೆಕ್ಕ ಹಾಕಿ, ಎರಡೆಳೆಯಲ್ಲಿ ಹೊಲಿದರೆ 140. ದಾರ ಹತ್ತಿಯದೇ ತೆಗೆದುಕೊಳ್ಳಿ. ಸೂಜಿಗೆ ಪೋಣಿಸಿದ ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಉದ್ದ ಆದಷ್ಟೂ ಗಂಟು ಜಾಸ್ತಿ. ಗಂಟನ್ನು ಪದರಗಳ ನಡುವೆ ಎಳೆದು ಮುಚ್ಚಿಬಿಡಿ, ಕೂತವರಿಗೆ ಚುಚ್ಚಬಾರದು. ನಾಲ್ಕು ಪದರಕ್ಕೆ ಸೂಜಿ ತಳ್ಳುವಾಗ ಬೆರಳಿಗೆ ಲೋಹದ ಟೊಪ್ಪಿಗೆ ಹಾಕಿಕೊಳ್ಳಿ.

ಸಾಲುಗಳನ್ನು ಮಷಿನ್‌ನಲ್ಲೇ ಹೊಡೆಯಬಹುದಲ್ಲಾ ಅಂತ ಕೇಳುತ್ತೀರಿ. ಹೊಡೆಯಬಹುದು. ಆದರೆ ಕೆಳಗಿನ ಪದರವನ್ನು ಮಷಿನ್‌ನ ಹಲ್ಲು ಎಳೆದುಕೊಂಡು ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. 6 ಅಡಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಎರಡು ಬೆರಳು ಏರುಪೇರು. ಕೈಹೊಲಿಗೆಗೆ ಆ ತೊಂದರೆ ಇಲ್ಲ. ಸುತ್ತಲಿನ ಅಂಚು ಮಾತ್ರ ಮಷಿನ್‌ನಲ್ಲಿ ಮಾಡಿ, 16 ನಂಬರ್ ಸೂಜಿ ಹಾಕಿ, ಹೊಲಿಗೆ ಉದ್ದ ಮಾಡಿಕೊಂಡು ನಿಧಾನ ತುಳಿಯಿರಿ. ಜೀನ್ಸ್ ನಾಲ್ಕೈದು ಮಡಿಕೆ ಸೇರುವ ಮೂಲೆಯಲ್ಲಿ ಪೆಡಲ್‌ನಿಂದ ಕಾಲು ತೆಗೆದು ಚಕ್ರ ಕೈಯಿಂದ ತಿರುಗಿಸಿ. ನಿಮ್ಮದು ಕಾಲ್ ಮಷಿನ್ ಅಂದಿರಿ, ಬಹಳ ಒಳ್ಳೆಯದು, ಮಧ್ಯಾಹ್ನ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಅಂಚು ಕಟ್ಟುವ ಮೊದಲು ನಾಲ್ಕು ಮೂಲೆಗೂ ಕೆಳಗಡೆ ಒಂದೊಂದು ಮುಕ್ಕೋನದ ಜೇಬು ಸೇರಿಸಿ. ಡ್ಯಾಮಿನ ದಂಡೆ ಬಯಲು, ಗಾಳಿ ಬಂದರೆ ಹಾಸು ಅನ್ನದ ಪಾತ್ರೆ ಸಮೇತ ಮಗುಚುತ್ತದೆ. ಅಲ್ಲೇ ಸಿಗುವ ಮುಷ್ಟಿ ಗಾತ್ರದ ಕಲ್ಲು ಜೇಬಿಗೆ ಹಾಕಿದರೆ ಆಯಿತು. ಹೊರಡುವಾಗ ಕಲ್ಲು ಅಲ್ಲೇ ಬಿಟ್ಟು ಬನ್ನಿ (ನಮ್ಮ ಮನೆಯ ಹುಡುಗರು ಒಮ್ಮೆ ಕಲ್ಲು ಸಮೇತ ಮಡಚಿ ತಂದಿದ್ದರು, ಏನಿದು ಇಷ್ಟು ಭಾರ ಅಂತ ದಾರಿಯುದ್ದಕ್ಕೂ ನನ್ನನ್ನೇ ಬೈದರು).

ಒಂಬತ್ತು ಜನಕ್ಕೆ ಈ ಒಂದು ಕೌದಿ ಸಾಲದು. ಮಕ್ಕಳು, ಹೆಂಗಸರು, ಊಟದ ಪಾತ್ರೆ ಇದರ ಮೇಲೆ. ಗಂಡಸರಿಗೆ ಹಳೆಯ ಚಾದರ ಕೊಡಿ, ಇಲ್ಲ ಕಲ್ಲಿನ ಮೇಲೆ ಕೂರಲಿ. ಇನ್ನೊಂದು ಕೌದಿ ಎಳ್ಳು ಅಮಾವಾಸ್ಯೆ ಹೊತ್ತಿಗೆ ಹೊಲಿದರಾಯಿತು. ಒಂದೇ ಮಹಾ ದೊಡ್ಡ ಕೌದಿ ಮಾತ್ರ ಮಾಡಬೇಡಿ, ಒದ್ದೆಯಾದರೆ ಇಬ್ಬರು ಹಿಡಿದು ಹಿಂಡಬೇಕು.

ಮುಂದೆ ರೊಟ್ಟಿ ಚೀಲ. ಇದನ್ನು ಹೊಲಿಯಲೇಬೇಕು ಅಂತ ನನ್ನ ಹಟ. ಮೆತ್ತನೆ ಜೋಳದ ರೊಟ್ಟಿಯನ್ನು ಬಿಸಿಯಿರುವಾಗ ಪ್ಲಾಸ್ಟಿಕ್‌ಗೆ ಹಾಕಿದರೆ ಬೆವರಿ, ಚಿಂಚೋಳಿ ಮುಟ್ಟುವಷ್ಟರಲ್ಲಿ ಹಿಟ್ಟಿನ ಮುದ್ದೆ ಆಗಿರುತ್ತದೆ. ಹತ್ತಿ ಬಟ್ಟೆ ಆ ಹಬೆಯನ್ನು ಹೀರುತ್ತದೆ. ಕಡಕ್ ರೊಟ್ಟಿಯ ಕಷ್ಟ ಬೇರೆ, ಅದು ಮುರಿಯುತ್ತದೆ. ಎರಡಕ್ಕೂ ಸರಿಹೋಗುವುದು ದುಂಡನೆಯ, ಡಬ್ಬಿಯ ಹಾಗೆ ಗೋಡೆ ಇರುವ ಚೀಲ. ಕೆಳಗೆ ಒಂದು ರಟ್ಟು ಇಟ್ಟರೆ ಕಡಕ್ ರೊಟ್ಟಿಯೂ ಉಳಿಯುತ್ತದೆ.

ಬ್ಲೌಸ್ ಹೊಲಿಯುವವರೂ ಇದರಲ್ಲಿ ಎಡವುತ್ತಾರೆ, ಹಾಗಾಗಿ ಅಳತೆ ಬಿಡಿಸಿ ಹೇಳುತ್ತೇನೆ. ನಿಮ್ಮ ರೊಟ್ಟಿ 10 ಇಂಚು ಅಂತಿಟ್ಟುಕೊಳ್ಳಿ. ತಳಕ್ಕೆ 12 ಇಂಚಿನ ದುಂಡು ಕತ್ತರಿಸಿ. ಸುತ್ತಲೂ ಅರ್ಧ ಇಂಚು ಮಾರ್ಜಿನ್ ಹೋದರೆ ಹೊಲಿಗೆ ಬೀಳುವ ದುಂಡು 11 ಇಂಚಿನದು. ಗೋಡೆಯ ಪಟ್ಟಿಯನ್ನು ಆ 11ಕ್ಕೆ ಲೆಕ್ಕ ಹಾಕಬೇಕು, 12ಕ್ಕಲ್ಲ. 11ನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿ, ಸುಮಾರು 34 ಮುಕ್ಕಾಲು ಇಂಚು ಅಂತ ಹಿಡಿಯಿರಿ, ಕಾಲು ಇಂಚು ಮುಂದೆ ಹೋದರೂ ಬಟ್ಟೆ ನುಂಗಿಕೊಳ್ಳುತ್ತದೆ. ಜೋಡಣೆಗೆ ಇನ್ನೊಂದು ಇಂಚು ಸೇರಿಸಿ. ಬಹಳ ಜನ ಕತ್ತರಿಸಿದ ಅಂಚಿನ ಸುತ್ತ ಟೇಪು ಹಿಡಿದು 38 ಇಂಚಿನ ಪಟ್ಟಿ ಮಾಡುತ್ತಾರೆ, ಕೊನೆಗೆ ಎರಡು ಮೂರು ಇಂಚು ಉಳಿದು ಅಲ್ಲೊಂದು ಮಡಿಕೆ ಇಲ್ಲೊಂದು ಮಡಿಕೆ ಹಾಕಿ ಮುಚ್ಚುತ್ತಾರೆ. ಪಟ್ಟಿಯ ಅಗಲ 11 ಇಂಚು ಇರಲಿ. ಅದರ ಕೆಳಗಿನ ಮಾರ್ಜಿನ್‌ಗೆ ಅರ್ಧರ್ಧ ಇಂಚಿಗೊಂದು ಸಣ್ಣ ಕಚ್ಚು ಕೊಡಿ, ಹೊಲಿಗೆ ಗೆರೆ ಮುಟ್ಟದ ಹಾಗೆ. ಆಗ ನೆಟ್ಟಗಿನ ಪಟ್ಟಿ ದುಂಡಿನ ಸುತ್ತ ತಾನಾಗಿ ಬಾಗುತ್ತದೆ. ಮೇಲೆ ಒಂದು ಇಂಚು ಮಡಚಿ ಲಾಡಿ ಪೋಣಿಸಿ, ಎಳೆದರೆ ಬಾಯಿ ಬಿಗಿ. ಬಿಗಿ ಯಾಕೆ ಬೇಕು ಅಂದರೆ ಮಂಗ. ಪ್ಲಾಸ್ಟಿಕ್ ಚೀಲ ಕಂಡರೆ ಹರಿದು ಓಡುತ್ತವೆ, ಲಾಡಿ ಎಳೆದು ಗಂಟು ಹಾಕಿದ ಬಟ್ಟೆ ಬಿಚ್ಚಲು ಅವಕ್ಕೂ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ನೀವು ಎದ್ದಿರುತ್ತೀರಿ.

ಒಳಗಿನ ಅಸ್ತರ ಬಿಳಿಯದು ಹಾಕಿ ಅಂತ ಹೇಳಿದರೆ ಅರಿಶಿನದ ಕಲೆ ಅಂತ ಹೆದರುತ್ತಾರೆ. ಅರಿಶಿನಕ್ಕೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಬೇಡ. ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗುವುದಿಲ್ಲ, ತಾನೇ ಮಾಸುತ್ತದೆ. ಬಿಸಿಲಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲವಲ್ಲ.

ಇನ್ನು ನೂಲಿನ ಕೆಲಸಕ್ಕೆ ಬರೋಣ. ಮೊದಲು ನೀರಿನ ಬಾಟಲಿ ಚೀಲ. ಇದಕ್ಕೆ ನಿಮ್ಮ ಉಲ್ಲನ್ ಬೇಡ, ಹತ್ತಿ ನೂಲೇ ಬೇಕು. ಹಿಂದೆ ಲಾರಿಗಳ ಮುಂದೆ ಕ್ಯಾನ್ವಾಸಿನ ನೀರಿನ ಚೀಲ ನೇತಾಡುತ್ತಿದ್ದದ್ದು ಅತ್ತೆಯವರಿಗೆ ನೆನಪಿರಬಹುದು, ಕೇಳಿ ನೋಡಿ. ಬಟ್ಟೆಯಿಂದ ಜಿನುಗಿದ ನೀರು ಗಾಳಿಗೆ ಆರುತ್ತಾ ಒಳಗಿನ ನೀರಿನ ಬಿಸಿ ಎಳೆದುಕೊಂಡು ಹೋಗುತ್ತಿತ್ತು. ಮಡಕೆ ನೀರು ತಣ್ಣಗಾಗುವುದೂ ಹೀಗೇ. ಸ್ಟೀಲ್ ಬಾಟಲಿಗೆ ಹತ್ತಿಯ ಚೀಲ ಹೆಣೆದು, ಅದನ್ನು ನೀರಲ್ಲಿ ಅದ್ದಿ, ನೆರಳಲ್ಲಿ ಕೊಂಬೆಗೆ ನೇತುಹಾಕಿ. ನಮ್ಮ ಕಡೆ ಬೇಸಿಗೆಯ ಗಾಳಿ ಒಣ ಗಾಳಿ, ಬೇಗ ಆರುತ್ತದೆ, ಹಾಗಾಗಿ ಮಂಗಳೂರಿನವರಿಗಿಂತ ನಮಗೆ ಈ ಉಪಾಯ ಚೆನ್ನಾಗಿ ಒದಗುತ್ತದೆ. ಒಣಗಿದ ಹಾಗೆ ಮತ್ತೆ ಅದ್ದಬೇಕು. ಅಕ್ರಿಲಿಕ್ ನೀರು ಹಿಡಿಯುವುದಿಲ್ಲ, ಅದರಲ್ಲಿ ಈ ಆಟ ನಡೆಯದು. ಥರ್ಮಾಸ್ ಬಾಟಲಿಗೂ ಸುಮ್ನೆ ದಂಡ, ಅದರ ಗೋಡೆ ಬಿಸಿಯನ್ನು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ.

ನಾಲ್ಕೆಳೆಯ ಹತ್ತಿ ನೂಲು, ಮೂರೂವರೆ ಎಂಎಂ ಕ್ರೋಶಾ ಸೂಜಿ. ತಳಕ್ಕೆ 6 ಸಿಂಗಲ್ ಕ್ರೋಶಾದಿಂದ ಶುರು ಮಾಡಿ ಸುತ್ತಿಗೆ ಆರರಂತೆ ಹೆಚ್ಚಿಸಿ: 12, 18, 24, 30. ತಳ ಬಾಟಲಿಯ ಬುಡದಷ್ಟು ಆದ ಕೂಡಲೇ ಹೆಚ್ಚಿಸುವುದು ನಿಲ್ಲಿಸಿ, ಅಷ್ಟೇ ಸಂಖ್ಯೆಯಲ್ಲಿ ಸುತ್ತುತ್ತಾ ಹೋಗಿ, ಗೋಡೆ ತಾನಾಗಿ ಏಳುತ್ತದೆ. ತಳ ಬಟ್ಟಲಿನ ಹಾಗೆ ಮೇಲೆ ಬಾಗುತ್ತಿದ್ದರೆ ಎಲ್ಲೋ ಹೆಚ್ಚಿಸುವುದು ಮರೆತಿದ್ದೀರಿ. ಅಂಚು ಅಲೆ ಅಲೆಯಾಗಿ ಕುಣಿಯುತ್ತಿದ್ದರೆ ಜಾಸ್ತಿ ಹೆಚ್ಚಿಸಿದ್ದೀರಿ. ನೀರು ಹಿಡಿಯಬೇಕಾದ್ದರಿಂದ ಗೋಡೆಯನ್ನು ಒತ್ತಾಗಿಯೇ ಹೆಣೆಯಿರಿ, ಕಣ್ಣು ಕಣ್ಣು ಜಾಲಿ ಬೇಡ. ಒಂದು ಲೀಟರ್ ಬಾಟಲಿಗೆ 100 ಗ್ರಾಂ ನೂಲು ತಂದರೆ ಧಾರಾಳ.

ವಿಡಿಯೋ ನೋಡಿ ಕಲಿಯುವವರಿಗೆ ಇಲ್ಲೊಂದು ಗೊಂದಲ ಇದೆ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನು ಇಂಗ್ಲೆಂಡಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಹೆಣಿಗೆ ಒಂದೇ, ಹೆಸರು ಬೇರೆ. ನಾನು ಇಲ್ಲಿ ಹೇಳುತ್ತಿರುವುದು ಅಮೆರಿಕದವರ ಸಿಂಗಲ್. ಮನೆಯಲ್ಲಿ ಹಳೆಯ ಇಂಗ್ಲೆಂಡಿನ ಪುಸ್ತಕ ಇದ್ದು, ಅದರ ಜೊತೆ ಈಗಿನ ವಿಡಿಯೋ ನೋಡುತ್ತಾ ಹೆಣೆದರೆ ಅಳತೆ ಎಲ್ಲ ಎಡವಟ್ಟು.

ಹೆಗಲಿಗೆ ಹಾಕುವ ಪಟ್ಟಿಯನ್ನು ಮಾತ್ರ ಹೆಣೆಯಬೇಡಿ. ನನ್ನ ಮೊದಲ ಬಾಟಲಿ ಚೀಲದ ಪಟ್ಟಿ ಬೆಳಿಗ್ಗೆ ಸೊಂಟಕ್ಕಿತ್ತು, ಮಧ್ಯಾಹ್ನ ಮೊಣಕಾಲಿಗೆ ಬಡಿಯುತ್ತಿತ್ತು. ಹೆಣೆದದ್ದು ಭಾರಕ್ಕೆ ಎಳೆಯುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಸೀರೆಯ ಅಂಚು ಉಳಿದಿದೆಯಲ್ಲ, ಅದನ್ನು ನಾಲ್ಕು ಮಡಿಕೆ ಮಡಚಿ ಎರಡೂ ಬದಿ ಮಷಿನ್ ಹೊಡೆದು ಪಟ್ಟಿ ಮಾಡಿ, ಚೀಲದ ಬದಿಗುಂಟ ತಳದವರೆಗೂ ಇಳಿಸಿ ಹೊಲಿಯಿರಿ. ಭಾರವೆಲ್ಲ ಪಟ್ಟಿಗೆ ಹೋಗುತ್ತದೆ, ಹೆಣಿಗೆಗೆ ಅಲ್ಲ.

ನಿಮ್ಮ 12 ಉಂಡೆಗೆ ಈಗ ಕೆಲಸ. ಅಕ್ರಿಲಿಕ್ ನೀರು ಹೀರದಿರುವುದು ಹಾಸಿಗೆ ಅವಗುಣ, ಜಾಲಿ ಚೀಲಕ್ಕೆ ಅದೇ ಗುಣ. ಬೇಗ ಒಣಗುತ್ತದೆ, ಕುಗ್ಗುವುದಿಲ್ಲ, ಬಣ್ಣ ಬಿಡುವುದು ಕಡಿಮೆ. ಮಕ್ಕಳು ನೀರಾಡಿ ಒದ್ದೆ ಬಟ್ಟೆ ಬಿಚ್ಚಿ ಎಸೆಯುತ್ತವಲ್ಲ, ಅದನ್ನು ತುಂಬಲು ಒಂದು, ಮಾವಿನ ಹಣ್ಣಿಗೆ ಒಂದು, ತೊಳೆದ ತಟ್ಟೆ ಲೋಟಕ್ಕೆ ಒಂದು. 5 ಎಂಎಂ ಸೂಜಿ ತಗೊಳ್ಳಿ. ತಳ ಮೇಲೆ ಹೇಳಿದ ಹಾಗೇ ದುಂಡಾಗಿ, ಒತ್ತಾಗಿ. ಆಮೇಲೆ ಐದು ಸರಪಳಿ, ಒಂದು ಸಿಂಗಲ್, ಐದು ಸರಪಳಿ, ಒಂದು ಸಿಂಗಲ್, ಮುಂದಿನ ಸುತ್ತಿನಲ್ಲಿ ಸಿಂಗಲ್ ಅನ್ನು ಹಿಂದಿನ ಸುತ್ತಿನ ಸರಪಳಿಯ ನಡುವೆ ಹಾಕುತ್ತಾ ಹೋಗಿ. ಟಿವಿ ನೋಡುತ್ತಾ ಎರಡು ಮೂರು ಸಂಜೆಗೆ ಒಂದು ಚೀಲ ಆಗುತ್ತದೆ. ಹಿಡಿಕೆ ಇದಕ್ಕೂ ಬಟ್ಟೆಯದೇ. ಉಳಿದ ನೂಲಿನಲ್ಲಿ ಮಕ್ಕಳಿಗೆ ಒಂದು ಚೆಂಡು ಹೆಣೆದು ಒಳಗೆ ಕತ್ತರಿಸಿ ಬಿದ್ದ ಚಿಂದಿ ತುಂಬಿ, ಯಾರ ತಲೆಗೆ ಬಡಿದರೂ ನೋವಾಗುವುದಿಲ್ಲ.

ಉಲ್ಲನ್ ಹತ್ತಿರ ಬೆಂಕಿ ಮಾತ್ರ ಬೇಡ. ಬಿಸಿ ಪಾತ್ರೆ ಹಿಡಿಯಲು ಅದರಲ್ಲಿ ಚೌಕ ಹೆಣೆಯುವವರಿದ್ದಾರೆ, ತಪ್ಪು. ಅಕ್ರಿಲಿಕ್ ಕರಗಿ ಕೈಗೆ ಅಂಟುತ್ತದೆ. ನಿಮ್ಮದು ಯಾವ ನೂಲು ಅಂತ ಅನುಮಾನ ಇದ್ದರೆ ಒಂದು ಗೇಣು ತುಂಡನ್ನು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅಕ್ರಿಲಿಕ್ ಕರಗಿ ತುದಿಯಲ್ಲಿ ಗಟ್ಟಿ ಕಪ್ಪು ಮಣಿ ನಿಲ್ಲುತ್ತದೆ. ಹೇಗೂ ಅಲ್ಲಿ ಒಲೆ ಹಚ್ಚುವ ವಿಚಾರ ಇಟ್ಟುಕೊಳ್ಳಬೇಡಿ. ಚಂದ್ರಂಪಳ್ಳಿ ಇರುವುದು ಚಿಂಚೋಳಿ ವನ್ಯಜೀವಿಧಾಮದೊಳಗೆ, ಮೇ ತಿಂಗಳಲ್ಲಿ ಕಾಡು ಪೂರ್ತಿ ಒಣಗಿರುತ್ತದೆ, ಒಂದು ಕಿಡಿ ಸಾಕು. ಅಡುಗೆ ಎಲ್ಲ ಮನೆಯಲ್ಲೇ ಮುಗಿಸಿ ಹೊರಡಿ.

ನೊಣ ತಡೆಯುವ ಮುಚ್ಚಳ ಒಂದು ಸಂಜೆಯ ಕೆಲಸ. ಹಳೆಯ ಸೊಳ್ಳೆ ಪರದೆಯಿಂದ 16 ಇಂಚಿನ ದುಂಡು ಕತ್ತರಿಸಿ, ಅಂಚಿಗೆ ತೆಳು ಹತ್ತಿ ನೂಲಿನಲ್ಲಿ ಕ್ರೋಶಾ ಹಾಕಿ. ಸುತ್ತಳತೆ ಸುಮಾರು 50 ಇಂಚು, ಎರಡು ಇಂಚಿಗೊಂದು ಮಣಿ ಅಂದರೆ 25 ಮಣಿ. ಗಾಜಿನ ದಪ್ಪ ಮಣಿಯೇ ಇರಲಿ, ಭಾರ ಇಲ್ಲದಿದ್ದರೆ ಗಾಳಿಗೆ ಹಾರುತ್ತದೆ. ಮಣಿಗಳನ್ನೆಲ್ಲ ಹೆಣೆಯುವ ಮೊದಲೇ ನೂಲಿಗೆ ಪೋಣಿಸಿಕೊಂಡಿರಬೇಕು, ಆಮೇಲೆ ಬೇಕಾದಲ್ಲಿ ಒಂದೊಂದೇ ಜಾರಿಸಿಕೊಳ್ಳುವುದು. ಅರ್ಧ ಹೆಣೆದ ಮೇಲೆ ನೆನಪಾದರೆ ನೂಲು ಕತ್ತರಿಸದೆ ಬೇರೆ ದಾರಿ ಇಲ್ಲ.

ಟೋಪಿ ಹೆಣೆಯುವ ಆಸೆ ನಿಮಗೆ ಬಂದೇ ಬರುತ್ತದೆ. ಬೇಡ, ತಲೆ ಬೇಯುತ್ತದೆ. ಮನೆಯಲ್ಲಿ ಕೂಸು ಇದ್ದರೆ ತೆಳು ಹತ್ತಿಯ ಕುಂಚಿಗೆ ಹೊಲಿಯಿರಿ, ತಲೆ, ಕಿವಿ, ಕುತ್ತಿಗೆ, ಬೆನ್ನು ಎಲ್ಲ ಒಂದೇ ಬಟ್ಟೆಯಲ್ಲಿ ಮುಚ್ಚುತ್ತದೆ. ಅಳತೆ ಅತ್ತೆಯವರಿಗೆ ಗೊತ್ತಿರುತ್ತದೆ.

ಕತ್ತರಿಸಿ ಇಟ್ಟ ಇಳಕಲ್ ಸೆರಗನ್ನು ರೊಟ್ಟಿ ಚೀಲದ ಹೊರಗಡೆ ಮೇಲಂಚಿಗೆ ಹಚ್ಚಿ, ಬಹಳ ಚೆಂದ ಕಾಣುತ್ತದೆ. ಕನ್ನಡಿ ಕೆಲಸ, ಕವಡೆ ಇಷ್ಟ ಇದ್ದರೆ ಅದೂ ಚೀಲಕ್ಕೆ ಮಾತ್ರ. ಕೂರುವ ಕೌದಿಗೆ ಕನ್ನಡಿ ಹಚ್ಚಿದರೆ ಎಲ್ಲಿ ಚುಚ್ಚುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಚಿಂಚೋಳಿ ಸುತ್ತ ಲಂಬಾಣಿ ತಾಂಡಾಗಳಿವೆ. ಹಳೆಯ ಹೆಂಗಸರ ಕೈಯಲ್ಲಿ ಆ ಹೊಲಿಗೆ ಇನ್ನೂ ಉಳಿದಿದೆ. ಅವರ ಕೈಯಲ್ಲಿ ಒಂದು ತುಂಡು ಹೊಲಿಸಿಕೊಂಡರೆ ಚೌಕಾಸಿ ಮಾಡದೆ ದುಡ್ಡು ಕೊಡಿ. ಒಂದು ಕನ್ನಡಿ ಕೂರಿಸಲು ಎಷ್ಟು ಹೊಲಿಗೆ ಬೇಕು ಅಂತ ನೀವೇ ಒಮ್ಮೆ ಕೂರಿಸಿ ನೋಡಿದರೆ ಗೊತ್ತಾಗುತ್ತದೆ.

18 ದಿನ ಹಂಚಿಕೊಳ್ಳುವುದು ಹೀಗೆ. ಇವತ್ತು ಬಣ್ಣ ಪರೀಕ್ಷೆ, ನಾಳೆ ಕತ್ತರಿಸಿ ಕೂಡಿಸಿ ಕಚ್ಚಾ ಹೊಲಿಗೆ. ನಾಡಿದ್ದಿನಿಂದ ಬೆಳಿಗ್ಗೆ ಬಿಸಿಲೇರುವ ಮೊದಲು ಕೌದಿ ಸಾಲು, ಮೊದಲ ಸಾಲು ಅತ್ತೆಯವರೇ ಹಾಕಲಿ, ಅದನ್ನು ನೋಡಿಕೊಂಡು ನೀವು. ಮಧ್ಯಾಹ್ನ ಬೆವರು ಕೈಯಲ್ಲಿ ನೂಲು ಜಾರುವುದಿಲ್ಲ, ಕ್ರೋಶಾ ಸಂಜೆಗೆ ಇಟ್ಟುಕೊಳ್ಳಿ. ರೊಟ್ಟಿ ಚೀಲ ಮತ್ತು ಪಟ್ಟಿಗಳನ್ನು ನಡುವೆ ಒಂದು ದಿನ ಮಷಿನ್ ಮುಂದೆ ಕೂತು ಒಟ್ಟಿಗೆ ಮುಗಿಸಿ. ಹತ್ತಿ ನೂಲು, ಮಣಿ, 16 ನಂಬರ್ ಸೂಜಿ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದಾಗ ಒಂದೇ ಸಲ ತಂದುಬಿಡಿ, ಈ ಬಿಸಿಲಲ್ಲಿ ಎರಡು ಸಲ ಯಾರು ಓಡಾಡುತ್ತಾರೆ.

ಡ್ಯಾಮಿನ ಹತ್ತಿರ ಹಾಸುವ ಮೊದಲು ಬೇವಿನ ಟೊಂಗೆಯಿಂದ ನೆಲ ಒಮ್ಮೆ ಗುಡಿಸಿ. ಬಂದ ಮೇಲೆ ಕೌದಿಯನ್ನು ಝಾಡಿಸಿ, ತಿರುಗಿಸಿ, ಕೆಳಗಿನ ಪದರದ ಮೇಲೆ ಅಂಗೈ ಆಡಿಸಿ ಮುಳ್ಳು ಹುಡುಕಿ ತೆಗೆದು, ಆಮೇಲೆ ತೊಳೆಯಲು ಹಾಕಿ. ನಾನು ಒಂದು ವರ್ಷ ನೋಡದೆ ಬೇರೆ ಬಟ್ಟೆ ಜೊತೆ ವಾಷಿಂಗ್ ಮಷಿನ್‌ಗೆ ಹಾಕಿದ್ದೆ. ನೆಗ್ಗಿಲ ಮುಳ್ಳು ಸಿಕ್ಕಿದ್ದು ಮರುದಿನ, ನಮ್ಮವರ ಬನಿಯನ್‌ನಲ್ಲಿ, ಅವರು ಅದನ್ನು ಹಾಕಿಕೊಂಡ ಮೇಲೆ.